ಭಾಷಣ ಆಮೇಲೆ, ಮೊದಲು ಸಂಬಳದ ಚೀಟಿ: ಸಣ್ಣ ಕಾರ್ಖಾನೆಯಲ್ಲಿ ಹುರುಪು ಮತ್ತು ನಿಯತ್ತು ಉಳಿಸಿಕೊಳ್ಳುವುದು ಹೇಗೆ

ಪೀಣ್ಯ ಇರಲಿ, ಬೊಮ್ಮಸಂದ್ರ ಇರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಮೂವತ್ತು ನಲವತ್ತು ಜನರನ್ನು ಇಟ್ಟುಕೊಂಡು ಘಟಕ ನಡೆಸುವ ಮಾಲೀಕರ ಬಾಯಲ್ಲಿ ಒಂದೇ ಮಾತು. "ಈಗಿನ ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ ಸಾರ್, ನಿಯತ್ತಂತೂ ಕೇಳಲೇಬೇಡಿ." ಸರಿ, ಅದಕ್ಕೆ ಏನು ಮಾಡುತ್ತಾರೆ? ಒಂದು ಶನಿವಾರ ಟ್ರೈನರ್ ಒಬ್ಬರನ್ನು ಕರೆಸುತ್ತಾರೆ. ಅವರು ಪ್ರೊಜೆಕ್ಟರ್ ಹಾಕಿ ಹದ್ದು, ಸಿಂಹದ ಚಿತ್ರ ತೋರಿಸಿ, ಎರಡು ಗಂಟೆ ಚಪ್ಪಾಳೆ ತಟ್ಟಿಸಿ, ವಡೆ ಕಾಫಿ ಮುಗಿಸಿಕೊಂಡು ಹೋಗುತ್ತಾರೆ. ಸೋಮವಾರ ಎಲ್ಲ ಮೊದಲಿನ ಹಾಗೆಯೇ.

ನನ್ನ ಅಭಿಪ್ರಾಯ ಬೇರೆ. ಕೆಲಸಕ್ಕೆ ಸೇರಿದ ಮೊದಲ ವಾರ ಸೋಮಾರಿಯಾಗಿರುವ ಹುಡುಗ ಅಪರೂಪ. ಹತ್ತು ನಿಮಿಷ ಮೊದಲೇ ಬರುತ್ತಾನೆ, ಕೇಳಿ ಕೇಳಿ ಕಲಿಯುತ್ತಾನೆ, ಪೀಸು ಕೆಟ್ಟರೆ ಓಡಿ ಬಂದು ಹೇಳುತ್ತಾನೆ. ಆರು ತಿಂಗಳಾದ ಮೇಲೆ ಅದೇ ಹುಡುಗ ಗಡಿಯಾರ ನೋಡುತ್ತ ನಿಂತಿರುತ್ತಾನೆ, ಕೆಟ್ಟ ಪೀಸನ್ನು ಒಳ್ಳೆಯ ಪೀಸುಗಳ ಕೆಳಗೆ ತಳ್ಳುತ್ತಾನೆ. ನಡುವೆ ಏನೋ ಆಗಿದೆ ಅಲ್ವಾ? ಆ "ಏನೋ" ಬಹಳ ಸಲ ನಿಮ್ಮ ಆಫೀಸಿನಿಂದಲೇ ಬಂದಿರುತ್ತದೆ. ಹೊಸ ಹುರುಪನ್ನು ತುಂಬುವ ಗೋಜು ಬೇಡ, ಇದ್ದ ಹುರುಪನ್ನು ಕೊಲ್ಲುವ ಅಭ್ಯಾಸಗಳನ್ನು ನಿಲ್ಲಿಸಿ. ಕೆಳಗೆ ಬರೆದಿರುವುದೆಲ್ಲ ಅದರ ಬಗ್ಗೆಯೇ.

ಮೊದಲು ಸಂಬಳದ ಲೆಕ್ಕ

ಇಲ್ಲಿಂದಲೇ ಶುರು ಮಾಡಿ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ನೀರಲ್ಲಿ ಹೋಮ.

ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಕೈಗೆ ಬರಬೇಕು. ಸಣ್ಣ ಘಟಕಗಳಿಗೆ 1936ರ ವೇತನ ಪಾವತಿ ಕಾಯ್ದೆಯಲ್ಲೇ ಈ ಮಾತು ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಆದರೆ ಕಾನೂನಿಗಿಂತ ದೊಡ್ಡ ಕಾರಣ ಇದೆ. ಮನೆ ಬಾಡಿಗೆ ಐದಕ್ಕೆ, ಚೀಟಿ ಕಂತು ಹತ್ತಕ್ಕೆ ಅಂತ ಇರುವ ಮನುಷ್ಯನಿಗೆ "ಪಾರ್ಟಿ ಪೇಮೆಂಟ್ ಬಂದಿಲ್ಲ, ಹದಿನೈದಕ್ಕೆ ನೋಡೋಣ" ಅಂದರೆ ಅವನು ಆ ಹತ್ತು ದಿನ ಮೆಷಿನ್ ಮುಂದೆ ನಿಂತಿದ್ದರೂ ತಲೆ ಎಲ್ಲೋ ಇರುತ್ತದೆ. ನಿಜವಾಗಿಯೂ ಹಣ ಸಿಕ್ಕಿಹಾಕಿಕೊಂಡಿದೆಯಾ? ನಾಲ್ಕು ದಿನ ಮೊದಲೇ ಎಲ್ಲರನ್ನೂ ಸೇರಿಸಿ ಹೇಳಿ. ಎಷ್ಟು ಇವತ್ತು, ಎಷ್ಟು ಯಾವ ದಿನ ಅಂತ ತಾರೀಕು ಕೊಡಿ. ಮತ್ತೆ ಆ ತಿಂಗಳು ಹೊಸ ಕಾರು ತರಬೇಡಿ. ತಮಾಷೆಗೆ ಹೇಳುತ್ತಿಲ್ಲ, ಶಾಪ್‌ಫ್ಲೋರ್‌ನಲ್ಲಿ ಎಲ್ಲರೂ ಎಲ್ಲವನ್ನೂ ನೋಡುತ್ತಿರುತ್ತಾರೆ.

ಓಟಿ. ಕಾರ್ಖಾನೆಯಲ್ಲಿ ಹೆಚ್ಚುವರಿ ಗಂಟೆಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ತುಂಬಾ ಕಡೆ ಸಿಂಗಲ್ ರೇಟ್ ಕೊಟ್ಟು ಸುಮ್ಮನಾಗುತ್ತಾರೆ, ಕೆಲವು ಕಡೆ ಒಂದು ಪ್ಲೇಟ್ ಇಡ್ಲಿ ಕೊಟ್ಟು ಮುಗಿಸುತ್ತಾರೆ. ಹುಡುಗರಿಗೆ ಕಾನೂನು ಗೊತ್ತಿಲ್ಲ ಅಂದುಕೊಂಡಿದ್ದರೆ ಅದು ಭ್ರಮೆ, ಎಲ್ಲರ ಕೈಯಲ್ಲೂ ಫೋನ್ ಇದೆ.

ಪಿಎಫ್ ಇನ್ನೂ ಸೂಕ್ಷ್ಮ. ಕಾರ್ಮಿಕನ ಪಾಲನ್ನು ಸಂಬಳದಲ್ಲಿ ಹಿಡಿದು, ಮುಂದಿನ ತಿಂಗಳು 15ರೊಳಗೆ ಕಟ್ಟದೆ ಅದನ್ನು ಕಚ್ಚಾಮಾಲಿಗೆ ತಿರುಗಿಸುವುದು ಬರೀ ತಡ ಅಲ್ಲ, ಅದು ಅಪರಾಧ. ಪಾಸ್‌ಬುಕ್ ಫೋನಿನಲ್ಲೇ ಕಾಣುತ್ತದೆ. ಒಬ್ಬ ನೋಡಿ "ಮೂರು ತಿಂಗಳಿಂದ ಬಿದ್ದಿಲ್ಲ" ಅಂದರೆ ಸಾಕು, ಮಧ್ಯಾಹ್ನದ ಊಟದೊಳಗೆ ಇಡೀ ಶಾಪ್‌ಗೆ ಗೊತ್ತು. ಕಾರ್ಮಿಕರ ಆರೋಗ್ಯ ವಿಮೆ, ಅಂದರೆ ಇಎಸ್‌ಐ ಕೂಡ ಹಾಗೆಯೇ. ಸಂಬಳದ ಮೇಲೆ ಕಾರ್ಮಿಕನಿಂದ ಶೇ. 0.75, ನಿಮ್ಮಿಂದ ಶೇ. 3.25. ಈ ಹಣ ಕಟ್ಟಿಲ್ಲ ಅನ್ನುವುದು ಅವನ ಹೆಂಡತಿ ಆಸ್ಪತ್ರೆ ಕೌಂಟರ್ ಮುಂದೆ ನಿಂತಾಗ ಗೊತ್ತಾಗಬಾರದು.

ಇಷ್ಟಾದ ಮೇಲೆ ಸಂಬಳದ ಚೀಟಿ. ಕನ್ನಡದಲ್ಲಿ ಕೊಡಿ. ಒಡಿಶಾ, ಬಿಹಾರದ ಹುಡುಗರಿದ್ದರೆ ಹಿಂದಿಯಲ್ಲೂ ಕೊಡಿ. ಎಷ್ಟು ದಿನ, ಎಷ್ಟು ಗಂಟೆ ಓಟಿ, ಯಾವುದಕ್ಕೆ ಎಷ್ಟು ಹಿಡಿದಿದ್ದೀರಿ ಅಂತ ಅದರಲ್ಲಿ ಇರಲಿ. ಸಂಬಳ ಆದ ಮರುದಿನ ಅರ್ಧ ಗಂಟೆ ಲೆಕ್ಕದವರು ಶಾಪ್‌ಫ್ಲೋರ್‌ನಲ್ಲೇ ಕೂತು, ಯಾರಿಗೆ ಅನುಮಾನ ಇದೆಯೋ ಅವರಿಗೆ ಬಿಡಿಸಿ ಹೇಳಲಿ. ಇದಕ್ಕೆ ಹಣವೇನೂ ಖರ್ಚಿಲ್ಲ. ಆದರೆ ಇದನ್ನು ಮಾಡುವವರು ಬಹಳ ಕಡಿಮೆ.

ಲೆಕ್ಕ ಬಿಡಿಸಿ ಹೇಳದಿದ್ದರೆ ಏನಾಗಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರು ರೊಚ್ಚಿಗೆದ್ದರು. ಗಾಜು ಪುಡಿಯಾಯಿತು, ವಾಹನ ಮಗುಚಿದವು. ಹಿಂದಿನ ಕಾರಣ ನೋಡಿದರೆ ಹಾಜರಾತಿ ಸರಿಯಾಗಿ ದಾಖಲಾಗಿಲ್ಲ, ಓಟಿ ಬಂದಿಲ್ಲ, ಸಂಬಳ ಹೇಳಿದ್ದಕ್ಕಿಂತ ಕಡಿಮೆ ಬಂದಿದೆ, ಕೇಳಿದರೆ ಉತ್ತರ ಕೊಡುವವರಿಲ್ಲ. ಕಂಪನಿ ಕೊನೆಗೆ ಕೆಲವರಿಗೆ ಸರಿಯಾಗಿ ಸಂಬಳ ಆಗಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಕೂಡ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಅಂತ ಹೇಳಿತು. ಗಾಜು ಒಡೆದದ್ದು ಸರಿ ಅಂತ ಯಾರೂ ಹೇಳುವುದಿಲ್ಲ. ಆದರೆ ಅಷ್ಟು ದೊಡ್ಡ ಕಂಪನಿಯಲ್ಲಿ ಬೆಂಕಿ ಹೊತ್ತಿಕೊಂಡದ್ದು ಹಾಜರಿ ಪುಸ್ತಕದಿಂದ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಸಂಬಳ ಸರಿಯಾದ ತಕ್ಷಣ ಎಲ್ಲರೂ ಹುಮ್ಮಸ್ಸಿನಿಂದ ಕುಣಿಯುತ್ತಾರೆ ಅಂತ ಕಾಯಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1950ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು, ಕೆಲಸದಲ್ಲಿ ತುಂಬಾ ಖುಷಿ ಆದದ್ದು ಯಾವಾಗ, ತುಂಬಾ ಬೇಜಾರಾದದ್ದು ಯಾವಾಗ ಅಂತ ಕೇಳಿದ್ದರು. ಎರಡಕ್ಕೂ ಬಂದ ಕಾರಣಗಳು ಬೇರೆ ಬೇರೆ. ಸಂಬಳ, ಮೇಲ್ವಿಚಾರಕನ ವರ್ತನೆ, ಕಂಪನಿಯ ನಿಯಮಗಳು ಕೆಟ್ಟರೆ ಬೇಜಾರು. ಆದರೆ ಖುಷಿಗೆ ಕಾರಣ ಅಂತ ಜಾಸ್ತಿ ಜನ ಹೇಳಿದ್ದು ಏನೋ ಸಾಧಿಸಿದ್ದು, ಅದನ್ನು ಯಾರಾದರೂ ಗುರುತಿಸಿದ್ದು, ಜವಾಬ್ದಾರಿ ಸಿಕ್ಕಿದ್ದು. ಈ ಸಿದ್ಧಾಂತಕ್ಕೆ ಆಮೇಲೆ ತಕರಾರುಗಳು ಬಂದವು, ಸಂಬಳ ಕಡಿಮೆ ಇರುವ ಕಡೆ ಹಣವೂ ಖುಷಿಯೇ ಅಂತ ನನಗೂ ಅನ್ನಿಸುತ್ತದೆ. ಆದರೂ ಮೊದಲು ಬೇಜಾರಿನ ಕಾರಣ ತೆಗೆಯಿರಿ, ಖುಷಿ ಆಮೇಲೆ ಅನ್ನುವ ಕ್ರಮ ಸರಿಯಾಗಿದೆ.

ಬೋನಸ್ ಬಗ್ಗೆ ಒಂದು ಸಾಲು. ಇಪ್ಪತ್ತು ಜನ ಅಥವಾ ಜಾಸ್ತಿ ಇದ್ದರೆ ಕನಿಷ್ಠ ಶೇ. 8.33 ಬೋನಸ್ ಅವರ ಹಕ್ಕು. ಆಯುಧಪೂಜೆ ದಿನ ಅದನ್ನೇ ಕವರಿಗೆ ಹಾಕಿ, ಸ್ವೀಟ್ ಬಾಕ್ಸ್ ಮೇಲಿಟ್ಟು, ದಾನ ಕೊಟ್ಟ ಹಾಗೆ ಫೋಟೊ ತೆಗೆಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ಫೋಟೊ ತೆಗೆಸಿಕೊಳ್ಳಿ, ಪರವಾಗಿಲ್ಲ.

ದಂಡ ಹಾಕುವ ಮುಂಚೆ

ತಡವಾಗಿ ಬರುವವರ ಕಾಟ ಎಲ್ಲ ಕಡೆ ಇದೆ. ಸುಲಭದ ಉಪಾಯ ದಂಡ. ಮೂರು ದಿನ ತಡ ಆದರೆ ಅರ್ಧ ದಿನ ಕಟ್.

ಇಸ್ರೇಲಿನ ಹೈಫಾ ಊರಿನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ 2000ರಲ್ಲಿ ಬರೆದರು. ಮಕ್ಕಳನ್ನು ಸಂಜೆ ತಡವಾಗಿ ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರಿಗೆ ಕೆಲವು ಡೇಕೇರ್‌ಗಳಲ್ಲಿ 10 ಶೆಕೆಲ್ ದಂಡ ಹಾಕಿದರು. ತಡ ಮಾಡುವವರು ಕಡಿಮೆ ಆಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾದರು. ಮೊದಲು ಟೀಚರ್ ಕಾಯುತ್ತಾರೆ ಅನ್ನುವ ನಾಚಿಕೆ ಇತ್ತು. ದಂಡ ಬಂದ ಮೇಲೆ ಅದು ಬರೀ ರೇಟ್ ಆಯಿತು, ಕೊಟ್ಟರೆ ಮುಗಿಯಿತು. ದಂಡ ತೆಗೆದ ಮೇಲೂ ತಡ ಕಡಿಮೆ ಆಗಲಿಲ್ಲ. ಒಮ್ಮೆ ಹೋದ ನಾಚಿಕೆ ವಾಪಸ್ ಬರಲಿಲ್ಲ.

ಕಾನೂನು ಕೂಡ ದಂಡಕ್ಕೆ ಕಡಿವಾಣ ಹಾಕಿದೆ. ಯಾವ ತಪ್ಪಿಗೆ ದಂಡ ಅನ್ನುವುದು ಮೊದಲೇ ನೋಟಿಸಿನಲ್ಲಿ ಇರಬೇಕು, ಆ ಮನುಷ್ಯನ ಮಾತು ಕೇಳಬೇಕು, ಒಂದು ಸಂಬಳದ ಅವಧಿಯಲ್ಲಿ ಒಟ್ಟು ದಂಡ ಆ ಸಂಬಳದ ಶೇ. 3 ದಾಟಬಾರದು. ಬರದೇ ಇದ್ದ ಹೊತ್ತಿಗೆ ತಕ್ಕಷ್ಟು ಮಾತ್ರ ಕಡಿತ. ಹದಿನೈದು ನಿಮಿಷದ ಹಾಗೆ ಮೂರು ಸಲ ತಡವಾದವನಿಗೆ ಅರ್ಧ ದಿನ ಕಟ್ ಅನ್ನುವುದು ಈ ಲೆಕ್ಕಕ್ಕೆ ಹೊಂದುವುದೇ ಇಲ್ಲ.

ಹಾಗಾದರೆ ಏನು ಮಾಡುವುದು? ಕೇಳಿ. ಸುಮ್ನೆ ಕರೆದು ಕೂರಿಸಿ ಕೇಳಿ. ನೆಲಮಂಗಲ ಕಡೆಯಿಂದ ಬರುವ ನಾಲ್ಕು ಜನಕ್ಕೆ ಬಸ್ಸೇ ಎಂಟು ಹತ್ತಕ್ಕೆ ಬರುತ್ತಿದ್ದರೆ ಅವರ ಪಾಳಿ ಎಂಟೂವರೆಗೆ ಶುರು ಮಾಡಿ, ಅಷ್ಟೇ. ಮಗುವನ್ನು ಅಂಗನವಾಡಿಗೆ ಬಿಟ್ಟು ಬರುವ ಹೆಂಗಸರಿಗೂ ಹಾಗೆಯೇ. ಇಷ್ಟಾದ ಮೇಲೂ ಒಬ್ಬ ಬೇಕಂತಲೇ ತಡ ಮಾಡಿದರೆ, ಅವನಿಂದ ಪಕ್ಕದವನಿಗೆ ಆದ ತೊಂದರೆಯನ್ನು ಅವನ ಎದುರೇ ಹೇಳಿ, ಬರೆದುಕೊಳ್ಳಿ, ಎರಡನೇ ಸಲ ಎಚ್ಚರಿಕೆ ಪತ್ರ ಕೊಡಿ. ನೂರು ರೂಪಾಯಿ ಕಟ್ ಮಾಡುವುದಕ್ಕಿಂತ ಇದು ಕಷ್ಟದ ಕೆಲಸ. ಅದಕ್ಕೇ ಸೂಪರ್‌ವೈಸರ್‌ಗಳು ದಂಡವನ್ನು ಇಷ್ಟಪಡುವುದು.

ಮುಖ ನೋಡಿ ಮಣೆ ಹಾಕಬೇಡಿ

ಸಂಬಳ ಕಡಿಮೆ ಇದ್ದರೂ ಜನ ಸಹಿಸುತ್ತಾರೆ. ಪಕ್ಕದವನಿಗೆ ಸುಮ್ಮಸುಮ್ಮನೆ ಜಾಸ್ತಿ ಆದರೆ ಸಹಿಸುವುದಿಲ್ಲ. ಮಾಲೀಕರ ಊರಿನವನು, ಮಾಲೀಕರ ಜಾತಿಯವನು, ಮಾಲೀಕರ ಭಾವಮೈದ, ಇಲ್ಲದಿದ್ದರೆ ಬೆಳಗ್ಗೆ ಎದ್ದು ಬಕೆಟ್ ಹಿಡಿಯುವವನು, ಇವರಿಗೆ ಇನ್‌ಕ್ರಿಮೆಂಟ್ ಆಗುತ್ತಿದ್ದರೆ ಉಳಿದವರು ಕಲಿಯುವ ಪಾಠ ಒಂದೇ: ಇಲ್ಲಿ ಕೆಲಸ ಮಾಡಿ ಉಪಯೋಗವಿಲ್ಲ, ಬಕೆಟ್ ಕೊಂಡುಕೊಳ್ಳಬೇಕು.

ಪರಿಹಾರ ಗೋಡೆಯ ಮೇಲೆ ಇರಲಿ. ಒಂದು ದೊಡ್ಡ ಚಾರ್ಟ್ ಮಾಡಿ. ಎಡಗಡೆ ಎಲ್ಲರ ಹೆಸರು, ಮೇಲ್ಗಡೆ ಎಲ್ಲ ಕೆಲಸಗಳು: ಸಿಎನ್‌ಸಿ ಸೆಟ್ಟಿಂಗ್, ಗ್ರೈಂಡಿಂಗ್, ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಹಿಡಿಯುವುದು, ಬೇರೆಯವರಿಗೆ ಕಲಿಸುವುದು. ಯಾರು ಕಲಿಯುತ್ತಿದ್ದಾರೆ, ಯಾರು ಒಂಟಿಯಾಗಿ ಮಾಡಬಲ್ಲರು, ಯಾರು ಕಲಿಸಬಲ್ಲರು ಅಂತ ಗುರುತು ಹಾಕಿ. ದೊಡ್ಡ ಕಾರ್ಖಾನೆಗಳಲ್ಲಿ ಇದು ಮಾಮೂಲಿ, ಸಣ್ಣವರು ಯಾಕೋ ಮಾಡುವುದಿಲ್ಲ. ಸಂಬಳ ಏರಿಕೆ ಯಾವ ತಿಂಗಳು ಅಂತ ನಿಗದಿ ಮಾಡಿ. ಯಾವ ಗುರುತಿಗೆ ಎಷ್ಟು ಅಂತ ಮೊದಲೇ ಹೇಳಿ. ಹೆಲ್ಪರ್ ಆಗಿ ಸೇರಿದವನಿಗೆ ಆಪರೇಟರ್ ಆಗಲು ಇನ್ನು ಏನು ಕಲಿಯಬೇಕು ಅನ್ನುವುದು ಕಣ್ಣಿಗೆ ಕಾಣಬೇಕು. ಮುಂದಿನ ವರ್ಷ ನೋಡೋಣ, ನಿನ್ನನ್ನು ಮರೆಯುವುದಿಲ್ಲ ಅಂತ ಮೂಗಿಗೆ ತುಪ್ಪ ಸವರುವುದು ಒಂದು ವರ್ಷ ನಡೆಯುತ್ತದೆ, ಎರಡನೇ ವರ್ಷ ಅವನು ಎದುರು ರಸ್ತೆಯ ಘಟಕದಲ್ಲಿ ಇರುತ್ತಾನೆ.

ಭಾವಮೈದನ ವಿಷಯ. ಮನೆಯವರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ನಮ್ಮಲ್ಲಿ ಘಟಕ ನಡೆಯುವುದೇ ಹಾಗೆ. ಆದರೆ ಅವನೂ ಕಾರ್ಡ್ ಪಂಚ್ ಮಾಡಲಿ, ಅವನ ಹೆಸರೂ ಚಾರ್ಟಿನಲ್ಲಿ ಇರಲಿ, ಅವನು ಸೇಫ್ಟಿ ಶೂ ಹಾಕದೆ ಬಂದರೆ ಗೇಟಿನಿಂದ ವಾಪಸ್ ಕಳಿಸಿ. ಹಾಗೆ ಒಮ್ಮೆ ಕಳಿಸಿದ ಸುದ್ದಿ ವರ್ಷಗಟ್ಟಲೆ ಓಡಾಡುತ್ತದೆ.

ಸುಳ್ಳು ಬರೆಸುವ ಟಾರ್ಗೆಟ್

ನಿಯತ್ತಿನ ಬಗ್ಗೆ ಮಾತಾಡುವಾಗ ಎಲ್ಲರಿಗೂ ಮೊದಲು ನೆನಪಾಗುವುದು ಕಳ್ಳತನ. ಡ್ರಿಲ್ ಬಿಟ್ ಹೋಯಿತು, ತಾಮ್ರದ ತುಂಡು ಹೋಯಿತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಇದೆ, ಇನ್‌ಸ್ಪೆಕ್ಷನ್ ಶೀಟಿನಲ್ಲಿ.

ಮಷಿನಿಂಗ್ ಕೆಲಸ ಮಾಡಿದವರಿಗೆ ಇದು ಗೊತ್ತು. ಪ್ರತಿ ಗಂಟೆಗೆ ಐದು ಪೀಸು ಅಳತೆ ತೆಗೆದು ರೀಡಿಂಗ್ ಬರೆಯಬೇಕು ಅಂತ ಗಿರಾಕಿ ಕಂಪನಿಯ ಷರತ್ತು ಇರುತ್ತದೆ. ಅದೇ ಹೊತ್ತಿಗೆ ಸೂಪರ್‌ವೈಸರ್ ಬಂದು ಪಾಳಿಗೆ ಇನ್ನೂರು ಪೀಸು ಬರಲೇಬೇಕು ಅನ್ನುತ್ತಾನೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಆಪರೇಟರ್ ಏನು ಮಾಡುತ್ತಾನೆ? ಪಾಳಿ ಮುಗಿಯುವಾಗ ಕೂತು, ಎಂಟು ಗಂಟೆಯ ರೀಡಿಂಗನ್ನು ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ತುಂಬುತ್ತಾನೆ. ಇಪ್ಪತ್ತೈದು ಪಾಯಿಂಟ್ ಸೊನ್ನೆ ಒಂದು, ಸೊನ್ನೆ ಎರಡು, ಮತ್ತೆ ಸೊನ್ನೆ ಒಂದು. ಗೇಜ್ ಪೆಟ್ಟಿಗೆಯಿಂದ ಹೊರಗೆ ಬಂದಿರುವುದೇ ಇಲ್ಲ. ಸೂಪರ್‌ವೈಸರ್‌ಗೂ ಗೊತ್ತು, ಕ್ವಾಲಿಟಿಯವರಿಗೂ ಗೊತ್ತು, ಎಲ್ಲರೂ ಸಹಿ ಹಾಕುತ್ತಾರೆ. ಇದನ್ನು ಮೂರು ವರ್ಷ ಮಾಡಿದವನಿಗೆ ನೀವು ಪ್ರಾಮಾಣಿಕತೆಯ ಪೋಸ್ಟರ್ ತೋರಿಸಿದರೆ ನಗದೆ ಇನ್ನೇನು ಮಾಡುತ್ತಾನೆ.

ಈ ಕಾಯಿಲೆ ಸಣ್ಣ ಘಟಕದ್ದು ಮಾತ್ರ ಅಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಒಬ್ಬ ಗ್ರಾಹಕನಿಗೆ ಖಾತೆ, ಕಾರ್ಡು, ಸಾಲ ಅಂತ ಒಟ್ಟು ಎಂಟನ್ನು ಮಾರಬೇಕು ಅನ್ನುವ ಗುರಿ ಇತ್ತು. ಕೆಳಗಿನ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆಯೇ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ನೌಕರರನ್ನು ಮನೆಗೆ ಕಳಿಸಿದ್ದರು. ಆಮೇಲೆ ಲೆಕ್ಕ ಹಾಕಿದಾಗ ಇಂಥ ಅನುಮಾನದ ಖಾತೆಗಳು ಸುಮಾರು 35 ಲಕ್ಷ ಅಂತ ಬ್ಯಾಂಕೇ ಹೇಳಿತು. ಐದು ಸಾವಿರ ಜನ ಒಂದೇ ಬ್ಯಾಂಕಿಗೆ ಹುಡುಕಿಕೊಂಡು ಬಂದ ಕಳ್ಳರಾ? ಅಲ್ಲ. ಗುರಿಯನ್ನು ನಿಜವಾಗಿ ಮುಟ್ಟಲು ಆಗುತ್ತಿರಲಿಲ್ಲ, ಮುಟ್ಟದಿದ್ದರೆ ಕೆಲಸ ಹೋಗುತ್ತಿತ್ತು.

ಈಗ ನಿಮ್ಮ ಘಟಕಕ್ಕೆ ಬನ್ನಿ. ಒಂದು ಪಾಳಿ ಪೂರ್ತಿ ನೀವೇ ಆಪರೇಟರ್ ಪಕ್ಕ ನಿಂತು, ಅಳತೆ ತೆಗೆಯುವ ಸಮಯ, ಟೂಲ್ ಬದಲಿಸುವ ಸಮಯ, ನೀರು ಕುಡಿಯುವ ಸಮಯ ಎಲ್ಲ ಸೇರಿಸಿ ನಿಜವಾಗಿ ಎಷ್ಟು ಪೀಸು ಬರುತ್ತದೆ ಅಂತ ಎಣಿಸಿ. ನೂರಾ ಎಪ್ಪತ್ತು ಬಂತಾ? ಹಾಗಾದರೆ ಟಾರ್ಗೆಟ್ ನೂರಾ ಎಪ್ಪತ್ತು. ಇನ್ನೂರೇ ಬೇಕು ಅಂದರೆ ಪೀಸನ್ನು ಹಿಡಿದಿಡುವ ಫಿಕ್ಸ್ಚರ್ ಬದಲಿಸಿ, ಅಂಕಿ ಓದದೆಯೇ ಪಾಸೋ ಫೇಲೋ ಅಂತ ಹೇಳುವ ಗೋ ನೋಗೋ ಗೇಜ್ ಕೊಡಿ, ಅಳತೆಗೆ ಇನ್ನೊಬ್ಬರನ್ನು ಹಾಕಿ. ಬಯ್ಗುಳದಿಂದ ಮೂವತ್ತು ಪೀಸು ಜಾಸ್ತಿ ಬರುವುದಿಲ್ಲ, ಕಾಗದದ ಮೇಲೆ ಮಾತ್ರ ಬರುತ್ತದೆ.

ಎರಡನೆಯದು ರಿಜೆಕ್ಷನ್. ಕೆಟ್ಟ ಪೀಸನ್ನು ತಾನೇ ತಂದು ತೋರಿಸಿದವನಿಗೆ ಆ ದಿನ ಏನಾಗುತ್ತದೆ ಅನ್ನುವುದರ ಮೇಲೆ ನಿಮ್ಮ ಘಟಕದ ನಿಯತ್ತು ನಿಂತಿದೆ. ಎಲ್ಲರ ಮುಂದೆ ಉಗಿಸಿಕೊಂಡರೆ ಮುಂದಿನ ಪೀಸು ಸ್ಕ್ರ್ಯಾಪ್ ಡಬ್ಬಿಯ ತಳಕ್ಕೋ, ಇನ್ನೂ ಕೆಟ್ಟದಾಗಿ ಗಿರಾಕಿಯ ಡಬ್ಬಿಗೋ ಹೋಗುತ್ತದೆ. ಟೊಯೋಟಾ ಕಾರ್ಖಾನೆಗಳಲ್ಲಿ ಲೈನಿನ ಯಾವುದೇ ಕೆಲಸಗಾರ ತೊಂದರೆ ಕಂಡರೆ ಹಗ್ಗ ಎಳೆಯಬಹುದು. ತಂಡದ ನಾಯಕ ಓಡಿ ಬರುತ್ತಾನೆ, ಬೇಗ ಸರಿ ಹೋಗದಿದ್ದರೆ ಲೈನ್ ನಿಲ್ಲುತ್ತದೆ. ಎಳೆದದ್ದಕ್ಕೆ ಬಯ್ಯುವುದಿಲ್ಲ. ನಿಮ್ಮಲ್ಲಿ ಹಗ್ಗ ಬೇಕಿಲ್ಲ, ಒಂದು ಕೆಂಪು ಟ್ರೇ ಸಾಕು. ಅನುಮಾನದ ಪೀಸು ಯಾರು ಬೇಕಾದರೂ ಅದರಲ್ಲಿ ಇಡಬಹುದು, ಯಾಕೆ ಇಟ್ಟೆ ಅಂತ ಕೇಳುವ ದನಿ ಮೆತ್ತಗಿರಬೇಕು. ಬೆಳಗ್ಗೆ ಹತ್ತು ನಿಮಿಷ ಎಲ್ಲರೂ ಆ ಟ್ರೇ ಸುತ್ತ ನಿಂತು, ಯಾರು ಅನ್ನುವುದನ್ನು ಬಿಟ್ಟು, ಹೇಗಾಯಿತು ಅಂತ ಮಾತಾಡಿ. ಮೊದಲ ತಿಂಗಳು ಟ್ರೇ ತುಂಬಿ ಹರಿಯುತ್ತದೆ, ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ, ಆ ಪೀಸುಗಳು ಮೊದಲೂ ಇದ್ದವು, ನಿಮಗೆ ಕಾಣುತ್ತಿರಲಿಲ್ಲ ಅಷ್ಟೇ.

ಸಣ್ಣ ಸುಳ್ಳು ಸಣ್ಣದಾಗಿ ಉಳಿಯುವುದಿಲ್ಲ ಅನ್ನುವುದಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಕಥೆ ಇದೆ. 2009ರ ಜನವರಿ 7ರಂದು ಬಿ. ರಾಮಲಿಂಗ ರಾಜು ತಮ್ಮ ಕಂಪನಿಯ ಬೋರ್ಡಿಗೆ ಬರೆದ ಪತ್ರದಲ್ಲಿ, ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ಇದ್ದ ಅಂತರ ಶುರುವಿನಲ್ಲಿ ತೀರಾ ಚಿಕ್ಕದಿತ್ತು, ವರ್ಷ ಕಳೆದಂತೆ ಕೈ ಮೀರಿತು ಅಂತ ಒಪ್ಪಿಕೊಂಡಿದ್ದರು. ಆ ಹೊತ್ತಿಗೆ ಅದು 7,000 ಕೋಟಿ ರೂಪಾಯಿ ದಾಟಿತ್ತು.

ಮಾಲೀಕರೇ, ನಿಮ್ಮ ಎರಡನೇ ಬಿಲ್ ಪುಸ್ತಕ

ಇದು ಓದಲು ಹಿತವಾಗಿರುವುದಿಲ್ಲ.

ಆಫೀಸ್ ಗೋಡೆಯ ಮೇಲೆ ಬಸವಣ್ಣನವರ ಫೋಟೊ, ಕೆಳಗೆ "ಕಾಯಕವೇ ಕೈಲಾಸ" ಬೋರ್ಡು. ಡ್ರಾಯರಿನಲ್ಲಿ ಬಿಲ್ ಇಲ್ಲದ ಮಾಲಿನ ಚೀಟಿಗಳು. ಸ್ಕ್ರ್ಯಾಪ್ ಮಾರಿದ ಹಣ ನೇರ ಜೇಬಿಗೆ. ಇನ್‌ಸ್ಪೆಕ್ಟರ್ ಬರುವ ದಿನ ಹೆಲ್ಪರ್‌ಗಳಿಗೆ "ನೀನು ಇಲ್ಲಿ ಕೆಲಸ ಮಾಡುತ್ತಿಲ್ಲ, ಸುಮ್ನೆ ನೋಡಲು ಬಂದಿದ್ದೀಯ ಅಂತ ಹೇಳು" ಅಂತ ಪಾಠ. ಸುಳ್ಳನ್ನು ಹೀಗೆ ಟ್ರೈನಿಂಗ್ ಕೊಟ್ಟು ಕಲಿಸಿ, ಅದೇ ಹುಡುಗ ನಿಮಗೆ ಮಾತ್ರ ಸತ್ಯ ಹೇಳಬೇಕು ಅಂದರೆ ಹೇಗೆ? ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟೊಂದು ನಮಗೆ ಬೇಡ, ಹೋಗಿ ಅಲ್ಲಿಯೇ ಸುರಿದು ಬಾ ಅಂತ ಕಳಿಸಿದವಳು. ಕಾರ್ಖಾನೆಗಳಲ್ಲಿ ಈ ಕಥೆಯನ್ನು ಯಾವಾಗಲೂ ಕಾರ್ಮಿಕರಿಗೆ ಹೇಳುತ್ತಾರೆ. ಲೆಕ್ಕದ ಕೋಣೆಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ಮಾಡಬೇಕಾದದ್ದು ಇಷ್ಟು. ಸ್ಕ್ರ್ಯಾಪ್ ಮಾರುವಾಗ ವೇಬ್ರಿಜ್‌ನ ತೂಕದ ಚೀಟಿ ಇರಲಿ, ಇಬ್ಬರು ಸಹಿ ಹಾಕಲಿ, ಒಬ್ಬರು ಶಾಪ್‌ಫ್ಲೋರಿನವರು. ಹಣ ಬ್ಯಾಂಕಿಗೆ ಬರಲಿ. ಅದರಲ್ಲಿ ಒಂದು ಪಾಲನ್ನು ಕ್ಯಾಂಟೀನಿಗೋ ಆಯುಧಪೂಜೆಗೋ ಬಿಟ್ಟುಕೊಟ್ಟರೆ ತಾಮ್ರದ ತುಂಡಿಗೆ ನಲವತ್ತು ಜನ ಕಾವಲುಗಾರರು ಸಿಗುತ್ತಾರೆ. ಖರೀದಿ ಮಾಡುವವರಿಗೆ ಒಂದು ಮಿತಿ ಹಾಕಿ, ಅದರ ಮೇಲಿನ ಸಾಮಾನಿಗೆ ಮೂರು ಕಡೆಯ ಕೊಟೇಶನ್ ಇರಲಿ, ಮೂರರ ಫೋಟೊ ಫೈಲಿನಲ್ಲಿ ಉಳಿಯಲಿ. ದೀಪಾವಳಿಗೆ ಸಪ್ಲೈಯರ್ ಕಳಿಸುವ ಡ್ರೈಫ್ರೂಟ್ಸ್, ಬೆಳ್ಳಿ ಲೋಟ ಯಾರ ಹೆಸರಿಗೆ ಬಂದರೂ ಮೇಜಿನ ಮೇಲೆ ಬರಲಿ, ಹಂಚಿ ತಿನ್ನಿ ಅಥವಾ ಚೀಟಿ ಎತ್ತಿ ಕೊಡಿ. ನಿಮ್ಮ ಹೆಸರಿಗೆ ಬಂದದ್ದೂ ಸೇರಿ. ಗಿರಾಕಿ ಕಂಪನಿಯ ಇನ್‌ಸ್ಪೆಕ್ಟರಿಗೆ ನೀವು ಕವರ್ ಕೊಡುತ್ತಿದ್ದರೆ, ನಿಮ್ಮ ಸ್ಟೋರ್ ಕೀಪರ್ ಕವರ್ ತೆಗೆದುಕೊಂಡಾಗ ಕೂಗಾಡುವ ಹಕ್ಕು ನಿಮಗಿಲ್ಲ.

ಒಂದೇ ದಿನದಲ್ಲಿ ಎಲ್ಲ ಬಿಡಲು ಆಗುವುದಿಲ್ಲ ಅನ್ನುತ್ತೀರಿ. ಗೊತ್ತು. ಹಾಗಾದರೆ ಕನಿಷ್ಠ ಒಂದನ್ನು ಈ ತಿಂಗಳು ನಿಲ್ಲಿಸಿ. ಆ ಹೆಲ್ಪರ್‌ಗೆ ಸುಳ್ಳು ಹೇಳಿಸುವುದರಿಂದ ಶುರು ಮಾಡಿ. ಅವನಿಗೆ ನೇಮಕಾತಿ ಪತ್ರ ಕೊಡಿ, ಹಾಜರಿಯಲ್ಲಿ ಹೆಸರು ಬರೆಯಿರಿ.

ದೂರು ಎಲ್ಲಿ ಹೇಳುವುದು

ಸಲಹಾ ಪೆಟ್ಟಿಗೆ ಬೇಡ. ಅದರ ಬೀಗದ ಕೀಲಿ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಸೂಪರ್‌ವೈಸರ್ ಬಗ್ಗೆಯೇ ದೂರು ಇದ್ದರೆ ಅವನನ್ನು ದಾಟಿ ಹೋಗಲು ಇನ್ನೊಂದು ದಾರಿ ಇರಬೇಕು. ವಾರಕ್ಕೆ ಒಂದು ಗೊತ್ತಾದ ಹೊತ್ತು ಮಾಲೀಕರು ಬಾಗಿಲು ತೆಗೆದು ಕೂರಲಿ. ದೂರು ಹೇಳಿದವನ ಹೆಸರು ಆ ಕೋಣೆಯಿಂದ ಹೊರಗೆ ಹೋದರೆ ಮುಂದೆ ಯಾರೂ ಬರುವುದಿಲ್ಲ, ಚಾಡಿ ಹೇಳುವವರನ್ನು ಬಿಟ್ಟು. ದೂರಿಗೂ ಚಾಡಿಗೂ ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಕೇಳಿ: ಏನಾಯಿತು, ಯಾವಾಗ, ಯಾರು ನೋಡಿದರು? ಚಾಡಿಕೋರರಿಗೆ ತಾರೀಕು ನೆನಪಿರುವುದಿಲ್ಲ. ಮತ್ತೆ, ಕೇಳಿದ ದೂರಿಗೆ ಒಂದು ವಾರದಲ್ಲಿ ಉತ್ತರ ಕೊಡಿ. ಆಗುವುದಿಲ್ಲ ಅನ್ನುವುದೂ ಉತ್ತರವೇ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಅಧ್ಯಕ್ಷರು ಮಹಿಳೆ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಸಣ್ಣ ಘಟಕಗಳಲ್ಲಿ ಈ ಸಮಿತಿ ಇದ್ದರೂ ಬರೀ ಲೆಟರ್‌ಹೆಡ್‌ನಲ್ಲಿ ಇರುತ್ತದೆ, ಅಸೆಂಬ್ಲಿ ಟೇಬಲ್ಲಿನ ಹೆಂಗಸರನ್ನು ಕೇಳಿದರೆ ಹೆಸರೂ ಗೊತ್ತಿರುವುದಿಲ್ಲ. ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ, ಸಮಿತಿಯವರ ಹೆಸರು ಮತ್ತು ಫೋನ್ ನಂಬರ್ ಕನ್ನಡದಲ್ಲಿ ಅಂಟಿಸಿ. ಅಲ್ಲಿಯಾದರೆ ಯಾರೂ ನೋಡದ ಹಾಗೆ ನಂಬರ್ ಬರೆದುಕೊಳ್ಳಬಹುದು.

ಬೈಗುಳದ ಬಗ್ಗೆಯೂ ಹೇಳಿಬಿಡುತ್ತೇನೆ. ಹಳೆಯ ಫೋರ್‌ಮನ್‌ಗಳಿಗೆ ಅಮ್ಮ ಅಕ್ಕ ಸೇರಿಸದೆ ಮಾತೇ ಬರುವುದಿಲ್ಲ, ಅದನ್ನು ಪ್ರೀತಿ ಅಂತ ಬೇರೆ ಕರೆಯುತ್ತಾರೆ. ನಿಲ್ಲಿಸಿ. ಈಗ ಅದು ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿದೆ, ರಾತ್ರಿ ಹತ್ತಕ್ಕೆ ಕೆಟ್ಟ ಪೀಸಿನ ಫೋಟೊ ಹಾಕಿ ಕೆಳಗೆ ಹೆಸರು ಹಾಕಿ ಮರ್ಯಾದೆ ತೆಗೆಯುವುದು. ಗ್ರೂಪಿನಲ್ಲಿ ಹೊಗಳಿಕೆ ಮಾತ್ರ, ಬಯ್ಯುವುದು ಒಬ್ಬರೇ ಇದ್ದಾಗ ಅಂತ ನಿಯಮ ಮಾಡಿ. ಹೊಗಳುವಾಗಲೂ "ಸೂಪರ್" ಅಂತ ಹೆಬ್ಬೆಟ್ಟು ಒತ್ತಿದರೆ ಆಗುವುದಿಲ್ಲ. ಏನು ಮಾಡಿದ, ಅದರಿಂದ ಏನು ಉಳಿಯಿತು ಅಂತ ಹೇಳಿ: "ಕೂಲೆಂಟ್ ಪೈಪ್ ಸೋರುವುದನ್ನು ನೀನು ನೋಡಿದ್ದಕ್ಕೆ ಸ್ಪಿಂಡಲ್ ಉಳಿಯಿತು." ಈ ಮಾತನ್ನು ಅವನು ಮನೆಗೆ ಹೋಗಿ ಹೇಳುತ್ತಾನೆ.

ಪೀಸು ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿ

ವರ್ಷಗಟ್ಟಲೆ ಒಂದೇ ಬುಷ್ ಮಾಡುವವನಿಗೆ ಅದು ಯಾವ ಗಾಡಿಯ ಯಾವ ಜಾಗದಲ್ಲಿ ಕೂರುತ್ತದೆ ಅಂತ ಗೊತ್ತಿರುವುದಿಲ್ಲ. ಇದು ನನಗೆ ಯಾವಾಗಲೂ ಆಶ್ಚರ್ಯ. ಗಿರಾಕಿ ಕಂಪನಿಗೆ ಹೋಗುವಾಗ ಮ್ಯಾನೇಜರ್ ಜೊತೆ ಒಬ್ಬ ಆಪರೇಟರ್‌ನನ್ನೂ ಕರೆದುಕೊಂಡು ಹೋಗಿ. ತಾನು ಮಾಡಿದ್ದು ಬಸ್ಸಿನ ಬ್ರೇಕಿಗೆ ಸೇರುವುದನ್ನು ಒಮ್ಮೆ ಕಣ್ಣಾರೆ ನೋಡಿದವನು ರೀಡಿಂಗ್ ಸುಮ್ಮನೆ ತುಂಬಲು ಸ್ವಲ್ಪ ಹಿಂಜರಿಯುತ್ತಾನೆ. ತಿರುಗಿ ಬಂದು ಉಳಿದವರಿಗೆ ಹೇಳುತ್ತಾನೆ, ಅದೂ ನಿಮ್ಮ ಟ್ರೈನರ್‌ಗಿಂತ ಚೆನ್ನಾಗಿ. ಮೆಷಿನ್ ಎಲ್ಲಿ ಇಡಬೇಕು, ಟ್ರಾಲಿ ಎಷ್ಟು ಎತ್ತರ ಇರಬೇಕು ಅನ್ನುವುದನ್ನು ಅದನ್ನು ಬಳಸುವವನನ್ನೇ ಕೇಳಿ. ಕೇಳಿದ ಮೇಲೆ ಅವನು ಹೇಳಿದ ಹಾಗೆ ಮಾಡಿ. ಬರೀ ಕೇಳಿ ಬಿಟ್ಟರೆ ಕೇಳದೇ ಇದ್ದಿದ್ದೇ ವಾಸಿ.

ಬಿಟ್ಟು ಹೋಗುವವನನ್ನು ಕಳಿಸುವ ರೀತಿ

ಉಳಿದವರು ಇದನ್ನು ತುಂಬಾ ಗಮನಿಸುತ್ತಾರೆ. ನಾಳೆ ತಮಗೂ ಹೀಗೆಯೇ ಅಂತ ಅವರಿಗೆ ಗೊತ್ತು. ರಾಜೀನಾಮೆ ಕೊಟ್ಟ ದಿನದಿಂದ ಮುಖ ತಿರುಗಿಸುವುದು, ಕೊನೆಯ ತಿಂಗಳ ಸಂಬಳ ಹಿಡಿದಿಟ್ಟು ಅಲೆದಾಡಿಸುವುದು, ಅನುಭವ ಪತ್ರಕ್ಕೆ ಸತಾಯಿಸುವುದು ನಮ್ಮಲ್ಲಿ ಬಹಳ. ಹೊಸ ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟರೂ ಕೆಲಸದಿಂದ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಐದು ವರ್ಷ ಪೂರೈಸಿದ ಕಾಯಂ ನೌಕರನಿಗೆ ಗ್ರ್ಯಾಚುಟಿ ಇದೆ, ವರ್ಷಕ್ಕೆ 15 ದಿನದ ವೇತನದ ಲೆಕ್ಕ, ತಿಂಗಳನ್ನು 26 ದಿನ ಅಂತ ಹಿಡಿದು. ಅವನು ಕೇಳುವವರೆಗೆ ಕಾಯಬೇಡಿ, ನೀವೇ ಲೆಕ್ಕ ಹಾಕಿ ಕೊಡಿ.

ಹೋಗುವಾಗ ಕೂರಿಸಿ ಕಾಫಿ ಕೊಟ್ಟು ಯಾಕೆ ಹೋಗುತ್ತಿದ್ದೀಯ ಅಂತ ಕೇಳಿ, ಆದರೆ ಎಲ್ಲ ಹಣ ಕೊಟ್ಟ ಮೇಲೆ. ಅದಕ್ಕೆ ಮುಂಚೆ ಕೇಳಿದರೆ "ಊರಲ್ಲಿ ಅಪ್ಪನಿಗೆ ಹುಷಾರಿಲ್ಲ" ಅನ್ನುವ ಉತ್ತರವೇ ಬರುತ್ತದೆ. ಮತ್ತೆ ಪಿಎಫ್ ಪೋರ್ಟಲಿನಲ್ಲಿ ಅವನು ಕೆಲಸ ಬಿಟ್ಟ ತಾರೀಕನ್ನು ತುಂಬಿ. ಅದು ತುಂಬದೆ ಹಣ ತೆಗೆಯಲು, ವರ್ಗಾಯಿಸಲು ಎಷ್ಟು ಜನ ಒದ್ದಾಡುತ್ತಾರೆ ಗೊತ್ತಾ? ತಾವೇ ತುಂಬಬೇಕೆಂದರೆ ಎರಡು ತಿಂಗಳು ಕಾಯಬೇಕು. ನಿಮ್ಮ ಕಡೆಯಿಂದ ಆದರೆ ಐದು ನಿಮಿಷದ ಕೆಲಸ. ಕೊನೆಯ ತಿಂಗಳ ಪಿಎಫ್ ಕಟ್ಟುವ ದಿನವೇ ಅದನ್ನೂ ಮುಗಿಸಿಬಿಡಿ.